ಗಣಪತಿ ಪೆಂಡಾಲಿನಲ್ಲಿ ಕೇಳಿದ ಸ್ಯಾಕ್ಸೋಫೋನ್

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನವನ್ನು ನಾನು ಮೊದಲು ಕೇಳಿದ್ದು ರೇಡಿಯೋದಲ್ಲಿ. ಶಾಂತಿಗ್ರಾಮದ ನಮ್ಮ ಮನೆಯಲ್ಲಿ ಬೆಳಗಿನ ವಾರ್ತೆ ಮುಗಿದ ಮೇಲೂ ರೇಡಿಯೋ ಆರಿಸುವ ಪದ್ಧತಿ ಇರಲಿಲ್ಲ. ಅಮ್ಮ ಒಲೆಯ ಮುಂದೆ, ಅಪ್ಪ ಕೊಟ್ಟಿಗೆಯಲ್ಲಿ, ನಾನು ಪುಸ್ತಕದ ಮುಂದೆ ಇದ್ದಾಗ ಅದು ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಹಾಗೆ ಒಂದು ಬೆಳಿಗ್ಗೆ ಕೇಳಿಬಂದ ನಾದ ನಾದಸ್ವರದ್ದೂ ಅಲ್ಲ, ಕ್ಲಾರಿಯೋನೆಟ್ಟಿನದೂ ಅಲ್ಲ ಎಂಬುದು ಮಾತ್ರ ನನಗೆ ತಿಳಿಯಿತು. ಆದರೆ ನುಡಿಯುತ್ತಿದ್ದುದು ನಮ್ಮ ರಾಗವೇ. ಕೊನೆಯಲ್ಲಿ ನಿರೂಪಕರು ವಾದ್ಯದ ಹೆಸರನ್ನೂ ಕಲಾವಿದರ ಹೆಸರನ್ನೂ ಹೇಳುವ ತನಕ ನಾನು ಓದು ಬಿಟ್ಟು ಕುಳಿತಿದ್ದೆ. ಸ್ಯಾಕ್ಸೋಫೋನ್ ಎಂದರೆ ಸಿನಿಮಾ ಹಾಡಿನ ನಡುವೆ ಒಂದೆರಡು ಕ್ಷಣ ಬಂದು ಹೋಗುವ, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಎಲ್ಲೋ ಹಿಂದಿನ ಸಾಲಿನಲ್ಲಿ ಹೊಳೆಯುವ ವಾದ್ಯ ಎಂದಷ್ಟೇ ತಿಳಿದಿದ್ದ ನನಗೆ, ಅದರಲ್ಲಿ ಅರ್ಧ ಗಂಟೆ ರಾಗಾಲಾಪನೆ ಮಾಡಬಹುದು ಎಂಬುದೇ ಹೊಸ ಸುದ್ದಿಯಾಗಿತ್ತು.

ಅಂದಿನಿಂದ ಪತ್ರಿಕೆಗಳಲ್ಲಿ ಅವರ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಹಳೆಯ ನೋಟುಪುಸ್ತಕವೊಂದಕ್ಕೆ ಅಂಟಿಸತೊಡಗಿದೆ. ಅವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ನಾದಸ್ವರ ವಿದ್ವಾಂಸರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ದನಿ ಕೇಳಿ ಮರುಳಾದ ಅವರು, ಮನೆತನದ ವಾದ್ಯವನ್ನು ಬಿಟ್ಟು ಇದನ್ನು ಕೈಗೆತ್ತಿಕೊಂಡರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಳ್ಳಲು ಅವರು ವರ್ಷಾನುಗಟ್ಟಲೆ ಸಾಧನೆ ಮಾಡಿದರು, ವಾದ್ಯವನ್ನೇ ಅಲ್ಲಲ್ಲಿ ತಿದ್ದಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯುವ ಬಿಬಿಸಿ ಸಂಗೀತೋತ್ಸವದಲ್ಲಿ ನುಡಿಸಿದ ಸುದ್ದಿ ಬಂದಾಗ ನನ್ನ ಪುಸ್ತಕದ ಒಂದು ಪುಟವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟೆ. ಅದೇ ವರ್ಷ ತೆರೆಕಂಡ ತಮಿಳು ಚಿತ್ರವೊಂದಕ್ಕೆ ಅವರು ನುಡಿಸಿದ್ದರಿಂದ ಕಾಲೇಜಿನ ಹುಡುಗ ಹುಡುಗಿಯರ ಬಾಯಲ್ಲೂ ಅವರ ಹೆಸರು ಓಡಾಡತೊಡಗಿತು. ಆ ಸಿನಿಮಾದ ಕ್ಯಾಸೆಟ್ಟು ಕೇಳಿದವರು ಅದರ ರಾಗ ಕಲ್ಯಾಣವಸಂತ ಎಂದು ತಿಳಿಯದೆಯೇ ಅದನ್ನು ಗುನುಗುತ್ತಿದ್ದರು, ಮತ್ತು ನನಗೆ ಅದರಲ್ಲಿ ತುಂಬ ಸಂತೋಷವಿತ್ತು.

ಆಗ ನಾನು ಪಿಯುಸಿಯಲ್ಲಿದ್ದೆ. ಭಾದ್ರಪದದಲ್ಲಿ ಹಾಸನದ ಗಣಪತಿ ಪೆಂಡಾಲಿನ ಕರಪತ್ರ ಊರೂರಿಗೆ ಬರುತ್ತಿತ್ತು. ಹಳದಿ ಕಾಗದದ ಮೇಲೆ ಕೆಂಪು ಅಕ್ಷರಗಳಲ್ಲಿ ದಿನಕ್ಕೊಂದು ಕಾರ್ಯಕ್ರಮ: ಹರಿಕಥೆ, ವಾದ್ಯಗೋಷ್ಠಿ, ಪೌರಾಣಿಕ ನಾಟಕ, ಭರತನಾಟ್ಯ, ಸುಗಮ ಸಂಗೀತ. ಆ ವರ್ಷದ ಪಟ್ಟಿಯಲ್ಲಿ ಒಂದು ಸಾಲು ಗೋಪಾಲನಾಥರದ್ದಾಗಿತ್ತು. ಕರಪತ್ರವನ್ನು ನನಗೆ ತಂದುಕೊಟ್ಟವಳು ನನ್ನ ಗೆಳತಿ. ಅವಳ ತಾತ ನಮ್ಮೂರ ದೇವಸ್ಥಾನದಲ್ಲಿ ಓಲಗ ನುಡಿಸುತ್ತಿದ್ದವರು. ಹೊಯ್ಸಳರ ರಾಣಿ ಶಾಂತಲೆಯ ಹೆಸರಿನಿಂದ ಬಂದ ಊರು ನಮ್ಮದು ಎಂದು ಹಿರಿಯರು ಹೇಳುವಾಗಲೆಲ್ಲ ಈ ತಾತ, ಹಾಗಾದರೆ ಊರಿನಲ್ಲಿ ನಾಟ್ಯವೂ ನಾದವೂ ಇರಲೇಬೇಕಲ್ಲವೇ ಎಂದು ಸೇರಿಸುತ್ತಿದ್ದರು. ಹೆಣ್ಣುಮಕ್ಕಳನ್ನು ರಾತ್ರಿಯ ಕಾರ್ಯಕ್ರಮಕ್ಕೆ ಹಾಸನಕ್ಕೆ ಕಳಿಸುವುದು ನಮ್ಮ ಎರಡೂ ಮನೆಗಳಲ್ಲಿ ಸುಲಭದ ಮಾತಾಗಿರಲಿಲ್ಲ. ಬಸ್ಸು ಹತ್ತಿದರೆ ಹಾಸನ ಅರ್ಧ ಗಂಟೆಯ ದಾರಿಯಷ್ಟೆ, ಆದರೆ ಕಛೇರಿ ಮುಗಿಯುವ ಹೊತ್ತಿಗೆ ಹಿಂತಿರುಗುವ ಬಸ್ಸು ಇರುವುದಿಲ್ಲ. ತಾವೂ ಬರುವುದಾಗಿ ತಾತ ಹೇಳಿದ ಮೇಲೆ ಅಮ್ಮನ ಆಕ್ಷೇಪ ಕರಗಿತು. ಅವರಿಗೂ ಆ ವಾದ್ಯವನ್ನು ಹತ್ತಿರದಿಂದ ನೋಡಬೇಕಾಗಿತ್ತು. ನಾದಸ್ವರದವರ ಮಗ ಪರದೇಶದ ಪೀಪಿ ಹಿಡಿದದ್ದು ಯಾಕೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಬಹಳ ದಿನಗಳಿಂದ ಇತ್ತು.

ಆ ದಿನ ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ಆಲೂಗಡ್ಡೆ ಕೀಳುವ ಕಾಲವಾದ್ದರಿಂದ ಬಿ.ಎಂ. ರಸ್ತೆಯುದ್ದಕ್ಕೂ ಮೂಟೆ ತುಂಬಿದ ಲಾರಿಗಳು, ವ್ಯಾನುಗಳು ಸಾಗುತ್ತಿದ್ದವು, ಬಸ್ಸಿನೊಳಗೂ ಹಸಿ ಮಣ್ಣಿನ ವಾಸನೆ ತುಂಬಿತ್ತು. ಹಾಸನದಲ್ಲಿಳಿದು, ಎನ್.ಆರ್. ವೃತ್ತದ ಕಡೆಯಿಂದ ಬರುತ್ತಿದ್ದ ಜನರ ಜೊತೆ ನಡೆದು ಪೆಂಡಾಲು ಸೇರಿದಾಗ ಇನ್ನೂ ಸಂಜೆಯ ಬೆಳಕಿತ್ತು. ಗಣಪತಿಗೆ ಕೈಮುಗಿದು, ದೊನ್ನೆಯಲ್ಲಿ ಕೊಟ್ಟ ಕಡಲೆ ಉಸಲಿ ತಿಂದು, ಹೆಂಗಸರ ಕಡೆ ಹಾಸಿದ್ದ ಜಮಖಾನದ ಮೇಲೆ ನಾವು ಇಬ್ಬರು ಗೆಳತಿಯರು ಜಾಗ ಹಿಡಿದೆವು. ಅಷ್ಟು ಬೇಗ ಬಂದರೂ ಮುಂದಿನ ಸಾಲುಗಳು ಆಗಲೇ ತುಂಬಿದ್ದವು. ತಾತ ಗಂಡಸರ ಕಡೆ ಹೋಗದೆ, ಎರಡೂ ಕಡೆಗಳ ನಡುವಿನ ಹಾದಿಯ ಕಂಬಕ್ಕೆ ಒರಗಿ, ನಮ್ಮ ಮೇಲೊಂದು ಕಣ್ಣು ವೇದಿಕೆಯ ಮೇಲೊಂದು ಕಣ್ಣು ಇಟ್ಟು ಕುಳಿತರು.

ಪೆಂಡಾಲಿಗೆ ಬರುವ ಜನರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಸಂಗೀತ ಸಭೆಯಲ್ಲಿ ಕೂರುವವರು ಸಂಗೀತಕ್ಕೆಂದೇ ಬಂದಿರುತ್ತಾರೆ; ಪೆಂಡಾಲಿನಲ್ಲಿ ಹಾಗಲ್ಲ. ಅಂಗಡಿ ಮುಚ್ಚಿ ಬಂದವರು, ಸಂತೆ ಮುಗಿಸಿಕೊಂಡು ಬಂದವರು, ಮಗುವಿಗೆ ಬಲೂನು ಕೊಡಿಸಲು ಬಂದು ಹಾಗೇ ನಿಂತವರು, ಸಂಗೀತ ಪಾಠಕ್ಕೆ ಹೋಗುವ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರು, ತಾಳ ಹಾಕುತ್ತಲೇ ಬಂದು ಕೂರುವ ನಿವೃತ್ತ ಮೇಷ್ಟರು, ಇವರೆಲ್ಲ ಒಂದೇ ಜಮಖಾನದ ಮೇಲೆ ಕುಳಿತಿರುತ್ತಾರೆ. ಟಿಕೆಟ್ಟಿಲ್ಲ, ಆಹ್ವಾನವಿಲ್ಲ, ಇಷ್ಟವಾಗದಿದ್ದರೆ ಎದ್ದು ಹೋಗಲು ಸಂಕೋಚವೂ ಇಲ್ಲ. ಇಂಥ ಜನರನ್ನು ಎರಡೂವರೆ ಗಂಟೆ ಕೂರಿಸುವುದು ಯಾವ ಸಭೆಯ ಪರೀಕ್ಷೆಗಿಂತಲೂ ಕಡಿಮೆಯದಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಏಳೂವರೆಯ ಸುಮಾರಿಗೆ ಕಲಾವಿದರು ವೇದಿಕೆಗೆ ಬಂದರು. ಪತ್ರಿಕೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಮಾತ್ರ ಅವರನ್ನು ನೋಡಿದ್ದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಹೊಳೆಯುವ ರೇಷ್ಮೆಯ ಅಂಗಿ, ಹಣೆಯಲ್ಲಿ ಎದ್ದು ಕಾಣುವ ಕುಂಕುಮ, ಬೆರಳುಗಳಲ್ಲಿ ಉಂಗುರ, ಮಡಿಲಲ್ಲಿ ಬಂಗಾರದ ಬಣ್ಣದ ಬಾಗಿದ ವಾದ್ಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕೊರಳ ಪಟ್ಟಿಗೆ ವಾದ್ಯವನ್ನು ಸಿಕ್ಕಿಸಿ ಅದನ್ನು ಓರೆಯಾಗಿ ತೊಡೆಗೆ ಆನಿಸಿಕೊಂಡರು. ನಿಂತು ನುಡಿಸುವ ವಾದ್ಯವೆಂದೇ ಎಲ್ಲರೂ ತಿಳಿದಿದ್ದ ಅದು, ಹಾಗೆ ಕುಳಿತ ಕೂಡಲೇ ನಮ್ಮ ಕಛೇರಿಯ ವಾದ್ಯವಾಗಿಬಿಟ್ಟಿತು. ಪಕ್ಕದಲ್ಲಿ ಪಿಟೀಲು, ಮೃದಂಗ, ಮೋರ್ಸಿಂಗ್. ಶ್ರುತಿಪೆಟ್ಟಿಗೆಯ ಗುಂಯ್‌ಗುಡುವಿಕೆ ಧ್ವನಿವರ್ಧಕದಲ್ಲಿ ತುಂಬಿಕೊಂಡಿತು. ಅವರು ಬಾಯಿಯ ತುದಿಗೆ ವಾದ್ಯವನ್ನಿಟ್ಟು ರೀಡನ್ನು ತುಸು ತೇವಮಾಡಿಕೊಂಡು, ಒಂದು ಉದ್ದನೆಯ ಷಡ್ಜ ಹಿಡಿದರು. ಬಲೂನು ಮಾರುವವನ ಪೀಪಿ ನಿಂತಿತು.

ಕಛೇರಿಯ ಆರಂಭಕ್ಕೆ ನುಡಿಸುವ ವರ್ಣ ಮುಗಿದ ಮೇಲೆ ಗಣಪತಿಯ ಸನ್ನಿಧಿಗೆ ತಕ್ಕಂತೆ ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ ಭಜೇ’ ಬಂತು. ಹಂಸಧ್ವನಿಯಲ್ಲಿ ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಐದೇ ಸ್ವರಗಳ ಆ ರಾಗದಲ್ಲಿ ಒಂದೊಂದು ಸ್ವರಕ್ಕೂ ಓಡಾಡಲು ಬೇಕಾದಷ್ಟು ಜಾಗವಿರುತ್ತದೆ. ತಿರುವಾರೂರಿನ ಆ ಗಣಪತಿ ನಮ್ಮ ಬಾದಾಮಿಯಿಂದ ಹೋದವನು ಎಂಬ ಪ್ರತೀತಿಯನ್ನು ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ತಮ್ಮ ಮಗಳಿಗೆ ಪಿಸುದನಿಯಲ್ಲಿ ಹೇಳುತ್ತಿದ್ದರು. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಸಂಗತಿಗಳು ಒಂದರ ಮೇಲೊಂದು ಏರುತ್ತ ಹೋದಂತೆ ನನಗೆ ಅಚ್ಚರಿಯಾದದ್ದು ವೇಗದಿಂದಲ್ಲ. ರೇಡಿಯೋದಲ್ಲಿ ಕೇಳುವಾಗ ಈ ನಾದ ಎಲ್ಲೋ ದೂರದಲ್ಲಿ, ನಯವಾಗಿ, ತೂಕವಿಲ್ಲದೆ ಇರುತ್ತಿತ್ತು. ಇಲ್ಲಿ ಅದಕ್ಕೆ ಮೈಯಿತ್ತು. ಕೆಳಸ್ಥಾಯಿಯ ಪಂಚಮಕ್ಕೆ ಇಳಿದಾಗ ಕುಳಿತ ನೆಲದಲ್ಲೇ ಒಂದು ಕಂಪನ ತಿಳಿಯುತ್ತಿತ್ತು, ಮೇಲಿನ ಷಡ್ಜ ಮುಟ್ಟಿದಾಗ ತಗಡಿನ ಚಾವಣಿಯ ತನಕ ಬೆಳಕು ಹರಡಿದಂತಾಗುತ್ತಿತ್ತು.

ಎರಡನೆಯದೋ ಮೂರನೆಯದೋ ಕೃತಿಯ ನಡುವೆ ಮಳೆ ಶುರುವಾಯಿತು. ಹಾಸನದ ಭಾದ್ರಪದದ ಮಳೆ ಮೊದಲು ಜಿನುಗಿ, ಆಮೇಲೆ ಸುರಿಯುವುದಲ್ಲ. ಬಂದರೆ ಒಮ್ಮೆಗೇ ಬರುತ್ತದೆ. ತಗಡಿನ ಮೇಲೆ ಅದು ಬೀಳುವ ಸದ್ದಿಗೆ ಪಿಟೀಲು ಅರ್ಧ ಮುಳುಗಿತು, ಮೋರ್ಸಿಂಗ್ ಪೂರ್ತಿಯಾಗಿ ಅಳಿಸಿಹೋಯಿತು. ಸ್ಯಾಕ್ಸೋಫೋನ್ ಮಾತ್ರ ಆ ಸದ್ದನ್ನು ಸೀಳಿಕೊಂಡು ಬರುತ್ತಿತ್ತು. ಪೆಂಡಾಲಿನ ಅಂಚುಗಳಲ್ಲಿ ನಿಂತಿದ್ದವರೆಲ್ಲ ಎರಚಲಿನಿಂದ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದರು, ಒಳಗಿದ್ದವರು ಒತ್ತಾಗಿ ಮುಂದೆ ಸರಿದರು, ಕಾರ್ಯಕರ್ತರು ಮಕ್ಕಳನ್ನೂ ಹೆಂಗಸರನ್ನೂ ವೇದಿಕೆಯ ಪಕ್ಕದ ಖಾಲಿ ಜಾಗಕ್ಕೆ ಕಳಿಸಿದರು. ಹೀಗೆ ತಳ್ಳಿಸಿಕೊಂಡು ತಳ್ಳಿಸಿಕೊಂಡು ನಾವು ಮೂವರೂ ಹೋಗಿ ನಿಂತದ್ದು ವೇದಿಕೆಯ ಬಲ ಅಂಚಿನಲ್ಲಿ, ಅವರ ಕೈಗಳಿಂದ ನಾಲ್ಕು ಮಾರು ದೂರದಲ್ಲಿ. ಕುಳಿತುಕೊಳ್ಳಿ ಎಂದು ಯಾರೋ ಸನ್ನೆ ಮಾಡಿದರು, ಕುಳಿತೆವು. ಆ ಮಳೆಗೆ ನಾನು ಸದಾ ಕೃತಜ್ಞಳು.

ಅಷ್ಟು ಹತ್ತಿರದಿಂದ ಕೇಳಿದ ಮೇಲೆ ವಾದ್ಯವೇ ಬೇರೆಯಾಯಿತು. ನಾದದ ಜೊತೆಗೆ ಅದರೊಳಗಿನ ಇನ್ನೊಂದು ಸದ್ದೂ ಕೇಳಿಸುತ್ತಿತ್ತು: ಕೀಲಿಗಳನ್ನು ಒತ್ತಿದಾಗ ರಂಧ್ರಗಳ ಮೇಲೆ ಬೀಳುವ ಮುಚ್ಚಳಗಳ ಮೆತ್ತನೆಯ ಟಪ್ ಟಪ್ ಶಬ್ದ. ಬೆರಳುಗಳು ಮುತ್ತಿನ ಚಿಪ್ಪಿನ ಗುಂಡಿಗಳ ಮೇಲೆ ಹೆಚ್ಚು ಎತ್ತರಕ್ಕೆ ಏಳುತ್ತಲೇ ಇರಲಿಲ್ಲ. ಕೆನ್ನೆ ಉಬ್ಬುತ್ತಿರಲಿಲ್ಲ; ಬಾಯಿಯ ಎರಡು ಕೊನೆಗಳಲ್ಲಿ ಕ್ಷಣಾರ್ಧ ತೆರೆದು ಮುಚ್ಚುವ ಸಣ್ಣ ಸಂದಿಯಿಂದ ಉಸಿರು ಒಳಗೆ ಹೋಗುತ್ತಿತ್ತು. ಕೃತಿಯ ಕೊನೆಗೊಮ್ಮೆ ಅವರು ವಾದ್ಯವನ್ನು ಬಗ್ಗಿಸಿ, ಒಳಗೆ ಕಟ್ಟಿದ ನೀರನ್ನು ಹರಿಯಬಿಟ್ಟು, ಬಿಳಿಯ ಟವೆಲಿನಿಂದ ಬಾಯಿ ಒರೆಸಿ, ಮತ್ತೆ ತುಟಿಗಿಟ್ಟುಕೊಳ್ಳುತ್ತಿದ್ದರು.

ತಾತ ನೋಡುತ್ತಿದ್ದುದು ಅವರ ಬೆರಳುಗಳನ್ನಲ್ಲ, ಗಲ್ಲವನ್ನು. ಕೆಳದವಡೆ ಕಂಡೂ ಕಾಣದಷ್ಟು ಹಿಂದೆ ಮುಂದೆ ಸರಿಯುತ್ತಿತ್ತು. ಒಂದು ಕೃತಿಗೂ ಇನ್ನೊಂದಕ್ಕೂ ನಡುವೆ ತಾತ ನಮ್ಮ ಕಿವಿಯ ಬಳಿ ಬಗ್ಗಿ, “ಬೆರಳು ಜಾರ್ಸೋಕೆ ಜಾಗಾನೇ ಇಲ್ಲ ಕಣವ್ವಾ ಅದ್ರಾಗೆ, ಗಮಕ ಎಲ್ಲಾ ತುಟೀಲೇ ಮಾಡ್ತಾವ್ರೆ” ಎಂದರು. ಗಮಕವೆಂದರೆ ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವುದು. ತಾತನ ಆ ಒಂದು ಮಾತಿನಿಂದ ನನಗೆ ಆ ರಾತ್ರಿಯ ಇಡೀ ಕಛೇರಿ ತೆರೆದುಕೊಂಡಿತು. ನಾದಸ್ವರದ ಕೊಳವೆಯಲ್ಲಿ ಬೆರಳಾಡಿಸಲು ಏಳು ಬರಿ ರಂಧ್ರಗಳಿವೆ. ನುಡಿಸುವವರು ರಂಧ್ರವನ್ನು ಅರ್ಧ ಮುಚ್ಚಬಹುದು, ಕಾಲು ಭಾಗ ತೆರೆಯಬಹುದು, ಬೆರಳನ್ನು ನಿಧಾನವಾಗಿ ಸರಿಸುತ್ತ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸೀವಾಳಿಯ, ಅಂದರೆ ನಾದಸ್ವರದ ರೀಡಿನ, ಮೇಲೆ ತುಟಿಯ ಒತ್ತಡ ಅದಕ್ಕೆ ಜೊತೆಗೂಡುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿ ಇದೆ. ಕೀಲಿ ಒತ್ತಿದರೆ ರಂಧ್ರ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ವಾದ್ಯಕ್ಕೆ ಸಹಜವಾಗಿ ಒಗ್ಗುವುದು ಬಿಡಿಬಿಡಿಯಾಗಿ ನಿಂತ ಸ್ಪಷ್ಟ ಸ್ವರಗಳು. ನಮ್ಮ ಸಂಗೀತದಲ್ಲಾದರೋ ಸ್ವರ ಬಿಡಿಯಾಗಿ ನಿಲ್ಲುವುದೇ ಅಪರೂಪ. ಕಲ್ಯಾಣಿಯ ಗಾಂಧಾರ, ತೋಡಿಯ ಗಾಂಧಾರ, ಇವು ಅಲುಗದಿದ್ದರೆ ಆ ರಾಗಗಳೇ ಇಲ್ಲ. ಹಾಗಾಗಿ ವಾದ್ಯ ಕೊಡದ ಅಲುಗಾಟವನ್ನೆಲ್ಲ ಈ ಮನುಷ್ಯ ತನ್ನ ಉಸಿರಿನಿಂದ, ತುಟಿಯ ಬಿಗಿ ಸಡಿಲದಿಂದ, ಗಂಟಲಿನಿಂದ, ದವಡೆಯಿಂದ ಹುಟ್ಟಿಸಬೇಕಾಗಿತ್ತು. ಪತ್ರಿಕೆಯಲ್ಲಿ ‘ದೀರ್ಘ ಸಾಧನೆ’ ಎಂದು ಓದಿದ್ದರ ಅರ್ಥ ನನಗೆ ಅವರ ಗಲ್ಲವನ್ನು ನೋಡುತ್ತ ಕುಳಿತಾಗ ತಿಳಿಯಿತು.

ಕಛೇರಿಯ ಮುಖ್ಯ ರಾಗ ಕಲ್ಯಾಣಿ. ಆಲಾಪನೆಯನ್ನು ಅವರು ಆರಂಭಿಸಿದಾಗ ಮಳೆ ಇನ್ನೂ ಜೋರಾಗಿಯೇ ಇತ್ತು. ಮಳೆಯ ಸದ್ದಿನ ಮೇಲೆ ಗೆಲ್ಲಲು ಜೋರಾಗಿ ಊದಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕೆಳಗಿನ ನಿಷಾದದಲ್ಲಿ ಬಹಳ ಹೊತ್ತು ನಿಂತರು, ಅಲ್ಲಿಂದ ರಿಷಭಕ್ಕೆ ಬಂದು ಮತ್ತೆ ಹಿಂತಿರುಗಿದರು, ಗಾಂಧಾರವನ್ನು ಮುಟ್ಟಿದರೋ ಇಲ್ಲವೋ ಎಂಬಂತೆ ತೋರಿಸಿ ಹಿಂದಕ್ಕೆ ಕರೆದುಕೊಂಡರು. ಕೇಳಬೇಕೆನ್ನುವವರೇ ಕಿವಿ ಚುರುಕುಮಾಡಿಕೊಂಡು ಬಗ್ಗಿ ಕುಳಿತರು. ಪ್ರತಿಮಧ್ಯಮ ಬಂದಾಗ ಹಿಂದಿನಿಂದ ಯಾರೋ ಹಿರಿಯರು “ಆಹಾ” ಎಂದದ್ದು ಕೇಳಿಸಿತು. ಪಿಟೀಲಿನವರು ಪ್ರತಿಯೊಂದು ಎಳೆಯನ್ನೂ ಹಿಡಿದು ಉತ್ತರ ಕೊಡುತ್ತಿದ್ದರು. ಗೋಪಾಲನಾಥರು ತಮ್ಮ ಸರದಿ ಇಲ್ಲದಾಗ ಕಣ್ಣು ಮುಚ್ಚಿ ತಲೆದೂಗುತ್ತ, ಚೆನ್ನಾಗಿ ಬಂದ ಕಡೆ ಕೈಯೆತ್ತಿ ಮೆಚ್ಚುತ್ತಿದ್ದರು. ಆಲಾಪನೆ ತಾರಸ್ಥಾಯಿಗೆ ಏರುವ ಹೊತ್ತಿಗೆ ಮಳೆ ಇಳಿಯತೊಡಗಿತ್ತು, ಕೃತಿ ಮುಗಿದು, ತಾಳವಾದ್ಯಗಳು ಮಾತ್ರ ನುಡಿಸುವ ತನಿ ಆವರ್ತನಕ್ಕೆ ಬರುವಾಗ ತಗಡಿನ ಅಂಚಿನಿಂದ ಹನಿಗಳು ಮಾತ್ರ ಬೀಳುತ್ತಿದ್ದವು. ಅದರಿಂದಾಗಿ ಅಷ್ಟು ಹೊತ್ತು ಕೇಳದೆ ಹೋಗಿದ್ದ ಮೋರ್ಸಿಂಗ್ ಕೂಡ ತನ್ನ ಪಾಲನ್ನು ಪಡೆಯಿತು. ಮೃದಂಗದವರು ಕೊಟ್ಟ ಜತಿಯನ್ನು ಹಲ್ಲುಗಳ ನಡುವೆ ಹಿಡಿದ ಆ ಕಬ್ಬಿಣದ ತುಣುಕಿನಿಂದ ಅಕ್ಷರ ಬಿಡದೆ ಮರಳಿಸಿದಾಗ ಮಕ್ಕಳೆಲ್ಲ ಎದ್ದು ನಿಂತು ಅದು ಏನೆಂದು ಇಣುಕಿ ನೋಡಿದರು. ಅದರ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಅಷ್ಟರಲ್ಲಿ ವೇದಿಕೆಗೆ ಚೀಟಿಗಳು ಬರತೊಡಗಿದ್ದವು. ಪೆಂಡಾಲಿನ ಕಛೇರಿಗಳಲ್ಲಿ ಇದೊಂದು ರೂಢಿ; ತಮಗೆ ಬೇಕಾದ ಹಾಡಿನ ಹೆಸರು ಬರೆದು ಕೈಯಿಂದ ಕೈಗೆ ದಾಟಿಸಿದರೆ ಅದು ಕಲಾವಿದರ ಮುಂದೆ ಹೋಗಿ ಬೀಳುತ್ತದೆ. ನಾವೂ ಕರಪತ್ರದ ಮೂಲೆಯೊಂದನ್ನು ಹರಿದು ಅದರ ಹಿಂದೆ ‘ಕದನಕುತೂಹಲ’ ಎಂದು ಬರೆದು ಕೊಟ್ಟೆವು. ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಸೃಷ್ಟಿಸಿದ ಆ ರಾಗದಲ್ಲಿ ಅವರದೇ ‘ರಘುವಂಶ ಸುಧಾ’ ಕೃತಿಯನ್ನು ಗೋಪಾಲನಾಥರು ನುಡಿಸಿದ್ದು ನಮ್ಮಿಬ್ಬರಿಗೂ ಕ್ಯಾಸೆಟ್ಟಿನಿಂದ ಬಾಯಿಪಾಠವಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಹತ್ತದೆ ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ನೆಗೆಯುತ್ತ ಸಾಗುವ ರಾಗ ಅದು, ಸ್ವರಗಳು ಬಿಡಿಬಿಡಿಯಾಗಿ ಥಳಥಳಿಸಬೇಕಾದ ರಾಗ. ಗಮಕಕ್ಕಾಗಿ ವಾದ್ಯವನ್ನು ಅಷ್ಟು ಹೊತ್ತು ಬಗ್ಗಿಸಿದವರು ಇಲ್ಲಿ ಅದನ್ನು ಅದರ ಸ್ವಂತ ಸ್ವಭಾವಕ್ಕೆ ಬಿಟ್ಟುಕೊಡುತ್ತಾರೆ. ಅದಕ್ಕೇ ಅವರ ಕೈಯಲ್ಲಿ ಈ ಕೃತಿ ಅಷ್ಟು ಹೊಳೆಯುತ್ತಿತ್ತು ಎಂದು ನನ್ನ ಅನಿಸಿಕೆ. ಅವರು ಚೀಟಿಗಳನ್ನು ಒಂದೊಂದಾಗಿ ನೋಡಿ, ಪಿಟೀಲಿನವರ ಕಡೆ ತಿರುಗಿ ಏನೋ ಹೇಳಿ, ಚಿಟ್ಟೆಸ್ವರದ ಮಿಂಚಿನಂಥ ಒಂದು ತುಣುಕಿನಿಂದ ಅದನ್ನೇ ಎತ್ತಿಕೊಂಡಾಗ, ನನ್ನ ಗೆಳತಿ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು.

ಅದಾದ ಮೇಲೆ ದೇವರನಾಮಗಳು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಶುರುವಾದಾಗ ನಮ್ಮ ಸುತ್ತ ಕುಳಿತಿದ್ದ ಹೆಂಗಸರು ಮೆಲುದನಿಯಲ್ಲಿ ಹಾಡಿಕೊಳ್ಳತೊಡಗಿದರು. ವಾದ್ಯಕ್ಕೆ ಮಾತಿಲ್ಲ, ಆದರೂ ಅವರು ಸಾಹಿತ್ಯದ ಒಂದೊಂದು ಅಕ್ಷರವನ್ನೂ ನಾಲಿಗೆಯಿಂದ ಬಿಡಿಸಿ ಇಡುತ್ತಿದ್ದರು. ಎಲ್ಲಿ ಪದ ಮುಗಿಯುತ್ತದೆಯೋ ಅಲ್ಲಿ ಮಾತ್ರ ಉಸಿರು ತೆಗೆದುಕೊಳ್ಳುತ್ತಿದ್ದರು. ಹಾಡುವವರಿಗೆ ಎಲ್ಲಿಯೂ ತಡವರಿಸಬೇಕಾಗಲಿಲ್ಲ. ಒಂದು ಚರಣದಲ್ಲಿ ಅವರು ದನಿಯನ್ನು ಬಹಳ ತಗ್ಗಿಸಿದಾಗ ಪೆಂಡಾಲಿನ ಜನರ ಗುನುಗು ಮೇಲೆ ಬಂದು ಇಡೀ ಜಾಗವನ್ನು ತುಂಬಿತು. ಮದುವೆ ಮನೆಯಲ್ಲಿ, ಶುಕ್ರವಾರದ ಪೂಜೆಯಲ್ಲಿ ಸಾವಿರ ಸಲ ಕೇಳಿದ ಹಾಡಿಗೆ ಅಂದು ನಾನು ಅಳುತ್ತಿದ್ದೆ, ನಾಚಿಕೆಯೂ ಆಗಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಪಕ್ಕದ ಹೆಂಗಸು ತನ್ನ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದಳು.

ಮಂಗಳ ಹಾಡಿದ ಮೇಲೆ ಜನ ವೇದಿಕೆಯ ಸುತ್ತ ಮುತ್ತಿಕೊಂಡರು. ನಾವು ಮೊದಲೇ ಅಂಚಿನಲ್ಲಿ ಕುಳಿತಿದ್ದರಿಂದ ಹರಿದು ಉಳಿದ ಕರಪತ್ರದ ಮೇಲೆ ಸಹಿ ಸಿಕ್ಕಿತು. ತಾತ ಏನನ್ನೂ ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದ ವಾದ್ಯವನ್ನು ಒಮ್ಮೆ ನೋಡಿ, ಅದರ ಬಾಯಿಯ ತುದಿಯಲ್ಲಿ ಕಟ್ಟಿದ್ದ ಒಂದೇ ಪದರದ ರೀಡನ್ನು ನೋಡಿ, ನಮ್ಮ ಸೀವಾಳಿಗೆ ಎರಡು ನಾಲಿಗೆ, ಇದಕ್ಕೆ ಒಂದೇ ನಾಲಿಗೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಗೋಪಾಲನಾಥರಿಗೆ ಕೈಮುಗಿದರು. ಅವರೂ ಟವೆಲು ಹಿಡಿದ ಕೈಗಳನ್ನೇ ಜೋಡಿಸಿ ನಮಸ್ಕರಿಸಿದರು.

ಮಾರುಕಟ್ಟೆಗೆ ಮೂಟೆ ಇಳಿಸಲು ಬಂದಿದ್ದ ನಮ್ಮೂರಿನವರೊಬ್ಬರ ವ್ಯಾನು ಸಿಕ್ಕಿತು. ಖಾಲಿ ಗೋಣಿಚೀಲಗಳ ಮೇಲೆ ಕುಳಿತು ಮನೆಗೆ ಬರುವಾಗ ನಾವು ಹುಡುಗಿಯರು ಕದನಕುತೂಹಲದಲ್ಲೇ ಇದ್ದೆವು; ತಾತನಿಗೆ ಮಾತ್ರ ಕಲ್ಯಾಣಿಯದೇ ಯೋಚನೆ. ಒಂದು ಪ್ರಯೋಗವನ್ನು ಗುನುಗುವುದು, ಇದು ನಮ್ಮ ವಾದ್ಯದಲ್ಲಿ ಹೀಗೆ ಬರುತ್ತದೆ ಎನ್ನುವುದು, ಮತ್ತೆ ಗುನುಗಿ ಅವರು ಮಾಡಿದ್ದು ಬೇರೆ ಎನ್ನುವುದು, ಹೀಗೇ ದಾರಿಯುದ್ದಕ್ಕೂ ನಡೆಯಿತು. ಕರಾವಳಿಯ ಕಡೆ ಮದುವೆಗಳಿಗೆ ನಾದಸ್ವರದ ಬದಲು ಸ್ಯಾಕ್ಸೋಫೋನನ್ನೇ ಕರೆಸುತ್ತಾರಂತೆ, ಇಲ್ಲಿಗೂ ಬಂದರೆ ಓಲಗದವರ ಗತಿಯೇನು ಎಂದು ವ್ಯಾನಿನವರು ಕೇಳಿದರು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ವಾದ್ಯ ಬದ್ಲಾದ್ರೆ ಬದ್ಲಾಗ್ಲಿ ಬುಡಿ, ಕಲ್ಯಾಣಿ ಕೆಡಿಸ್ದಿದ್ರೆ ಸಾಕು” ಎಂದರು. ತಮ್ಮ ಹೊಟ್ಟೆಪಾಡಿನ ವಿಷಯದಲ್ಲಿ ಅಷ್ಟು ದೊಡ್ಡ ಮನಸ್ಸಿನಿಂದ ಮಾತಾಡಿದ ಆ ಹಿರಿಯರ ಮೇಲೆ ನನ್ನ ಗೌರವ ಅಂದು ಹೆಚ್ಚಾಯಿತು.

ನಾನು ಸಂಗೀತ ಪಾಠಕ್ಕೆ ಸೇರಿದ್ದು ಆ ಕಛೇರಿಯ ನಂತರವೇ. ಕಾಲೇಜು ಮುಗಿದ ಮೇಲೆ ಹಾಸನದಲ್ಲೇ ಒಬ್ಬ ಮೇಡಂ ಹತ್ತಿರ ಹಾಡುಗಾರಿಕೆ ಕಲಿತೆ. ವೇದಿಕೆ ಹತ್ತುವಷ್ಟು ವಿದ್ಯೆ ಬರಲಿಲ್ಲವಾದರೂ ಕೇಳುವ ಕಿವಿ ಬಂತು. ಮುಂದೆ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾಗ ಗೋಪಾಲನಾಥರನ್ನು ದೊಡ್ಡ ಸಭಾಂಗಣಗಳಲ್ಲಿ ಕೇಳಿದೆ. ಅಲ್ಲಿ ಧ್ವನಿವ್ಯವಸ್ಥೆ ಚೆನ್ನಾಗಿತ್ತು, ಮಳೆಯ ಅಡ್ಡಿಯಿರಲಿಲ್ಲ, ಪಿಟೀಲಿನ ಒಂದೊಂದು ಎಳೆಯೂ ಸ್ಪಷ್ಟವಾಗಿತ್ತು. ಆದರೆ ಕೀಲಿಗಳ ಟಪ್ ಟಪ್ ಸದ್ದು ನಾನು ಕುಳಿತ ಸಾಲಿನ ತನಕ ಬರುತ್ತಿರಲಿಲ್ಲ, ಗಲ್ಲದ ಅಲುಗಾಟ ಕಾಣುತ್ತಿರಲಿಲ್ಲ. ಅವು ಇಲ್ಲದ ಕಡೆ ನಾನು ನೆನಪಿನಿಂದ ತುಂಬಿಕೊಂಡು ಕೇಳುತ್ತಿದ್ದೆ. 2004ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗಿನ ಪತ್ರಿಕೆಯ ತುಣುಕು ನನ್ನ ಹಳೆಯ ನೋಟುಪುಸ್ತಕದ ಕೊನೆಯ ಪುಟಗಳಲ್ಲಿದೆ. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡ ಸುದ್ದಿಯನ್ನು ಅದಕ್ಕೆ ಅಂಟಿಸಲು ಮನಸ್ಸಾಗಲಿಲ್ಲ.

ತಾತ ಅದಕ್ಕಿಂತ ಬಹಳ ಮೊದಲೇ ಹೋದರು. ಅವರ ಮೊಮ್ಮಗ, ಅಂದರೆ ನನ್ನ ಗೆಳತಿಯ ತಮ್ಮ, ಆ ಕಛೇರಿಯ ಕಾಲಕ್ಕೆ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದವನು. ಡೋಲಿನಿಂದ ಶುರುಮಾಡಿ, ತಾತನಿಂದ ನಾದಸ್ವರ ಕಲಿತು, ಆಮೇಲೆ ಮಂಗಳೂರಿನ ಕಡೆ ಹೋಗಿ ಸ್ಯಾಕ್ಸೋಫೋನನ್ನೂ ಅಭ್ಯಾಸ ಮಾಡಿ ಬಂದ. ಈಗ ಹಾಸನ, ಚನ್ನರಾಯಪಟ್ಟಣ, ಬೇಲೂರಿನ ಕಡೆಯ ಮದುವೆಗಳಿಗೆ ಅವನನ್ನು ಕರೆಯು‍ತ್ತಾರೆ. ಧಾರೆಯ ಹೊತ್ತಿಗೆ ನಾದಸ್ವರವೇ ಆಗಬೇಕೆಂಬುದು ಅವನ ನಿಯಮ, ಆರತಕ್ಷತೆಗೆ ಸ್ಯಾಕ್ಸೋಫೋನ್. ಸಿನಿಮಾ ಹಾಡು ನುಡಿಸು ಎಂದು ಹುಡುಗರು ಒತ್ತಾಯಿಸಿದರೆ ನುಡಿಸುತ್ತಾನೆ, ಆದರೆ ಅದಕ್ಕೂ ಮೊದಲು ಹದಿನೈದು ನಿಮಿಷ ಕಲ್ಯಾಣಿ ಕೇಳಿಸದೆ ಬಿಡುವುದಿಲ್ಲ.